ಬೇಸಿಗೆಯಲ್ಲಿ ಹಾಯಿದೋಣಿ ವಿಹಾರ ನಡೆಸಲು ಹೊರಟವರಿಗೆ: ದೋಣಿ, ಗಾಳಿ, ಅತಿಥಿಗಳು

‘ಹಾಯಿದೋಣಿ ಇದೆ, ನಡೆಸಲು ಬರುತ್ತದೆ. ಬೇಸಿಗೆಯಲ್ಲಿ ಜನರನ್ನು ವಿಹಾರಕ್ಕೆ ಕರೆದೊಯ್ದು ಸಂಪಾದಿಸಲು ಇನ್ನೇನು ಬೇಕು?’ ಓದುಗರಿಂದ ಮತ್ತೆ ಮತ್ತೆ ಬರುತ್ತಿರುವ ಪ್ರಶ್ನೆ ಇದು. ಇಲ್ಲಿ ಹೇಳಿರುವುದು 8ರಿಂದ 11 ಮೀಟರ್ ಉದ್ದದ, ಒಳಗೆ ಡೀಸೆಲ್ ಎಂಜಿನ್ ಇರುವ, ಐದಾರು ಅತಿಥಿಗಳನ್ನು ಕೂರಿಸಿಕೊಂಡು ದಡ ಕಾಣುವಷ್ಟು ದೂರದಲ್ಲೇ ಅರ್ಧ ದಿನ ಸುತ್ತಿ ಬರುವ ದೋಣಿಯ ಬಗ್ಗೆ. ರಾತ್ರಿಯನ್ನೂ ಸಮುದ್ರದಲ್ಲೇ ಕಳೆಯುವ ಪ್ರವಾಸದ ಲೆಕ್ಕ ಬೇರೆ.

ಗೆಳೆಯರೊಂದಿಗೆ ಹೋದರೆ ಅವರೂ ಒಂದು ಹಗ್ಗ ಹಿಡಿಯುತ್ತಾರೆ. ಹಣ ಕೊಟ್ಟು ಬಂದವರಿಗೆ ಯಾವ ಹಗ್ಗ ಯಾವುದಕ್ಕೆಂದು ತಿಳಿದಿರುವುದಿಲ್ಲ, ತಿಳಿದಿರಬೇಕೆಂದು ನೀವು ಬಯಸುವುದೂ ಸರಿಯಲ್ಲ. ದೋಣಿಯನ್ನು ಒಬ್ಬರೇ ನಡೆಸುತ್ತಾ ಆರು ಜನರನ್ನೂ ನೋಡಿಕೊಳ್ಳಬೇಕು ಎಂದೇ ಎಣಿಸಿ. ಒಮ್ಮೆ ನೀರಿಗಿಳಿದ ಮೇಲೆ ಕೂತು ಯೋಚಿಸುವ ಬಿಡುವು ಸಿಗದು. ಹಾಗಾಗಿ ಮುಖ್ಯ ತೀರ್ಮಾನಗಳೆಲ್ಲ ಜೆಟ್ಟಿಯಲ್ಲೇ ಮುಗಿದಿರಬೇಕು.

1. ಕಾಗದಪತ್ರ

ಚಾಲಕರ ಪರವಾನಗಿ, ವಾಣಿಜ್ಯ ಬಳಕೆಗೆ ದೋಣಿಯ ನೋಂದಣಿ, ತಪಾಸಣಾ ಪತ್ರ, ಬಂದರಿನ ಅನುಮತಿ ಇವುಗಳ ನಿಯಮ ದೇಶದಿಂದ ದೇಶಕ್ಕೆ ಬೇರೆ. ಬಂದರು ಕಚೇರಿಯಿಂದ ಪಟ್ಟಿಯನ್ನು ಬರಹದಲ್ಲೇ ಪಡೆಯಿರಿ.

ಹೆಚ್ಚಿನವರು ಎಡವುವುದು ವಿಮೆಯಲ್ಲಿ. ಸ್ವಂತ ವಿಹಾರಕ್ಕೆಂದು ಮಾಡಿಸಿದ ವಿಮೆ ಸಾಮಾನ್ಯವಾಗಿ ಹಣ ಕೊಟ್ಟು ಬಂದ ಅತಿಥಿಗಳಿಗೆ ಅನ್ವಯಿಸುವುದಿಲ್ಲ. ‘ಡೀಸೆಲ್ ಖರ್ಚು ಹಂಚಿಕೊಂಡೆವು ಅಷ್ಟೇ’ ಎಂಬ ಸಮಜಾಯಿಷಿಯನ್ನು ನಂಬಿಕೊಂಡು ಹೊರಡಬೇಡಿ.

ದೋಣಿಯ ಮೇಲಿರುವ ತಯಾರಕರ ಫಲಕ ಓದಿ. ಯುರೋಪಿನ ಮಾನದಂಡದ ದೋಣಿಗಳಿಗೆ ಎ, ಬಿ, ಸಿ, ಡಿ ಎಂಬ ವರ್ಗಗಳಿವೆ. ‘ಸಿ’ ಎಂದರೆ ಗಾಳಿಯ ಬಲ ಹೇಳುವ ಬ್ಯೂಫರ್ಟ್ ಮಾಪಕದಲ್ಲಿ 6ರವರೆಗಿನ ಗಾಳಿ, 2 ಮೀಟರ್‌ವರೆಗಿನ ಅಲೆ. ಒಂದೇ ದೋಣಿಗೆ ಒಂದೊಂದು ವರ್ಗದಲ್ಲಿ ಒಂದೊಂದು ಜನಮಿತಿ ಇರಬಹುದು. ಮಡಿಲ ಕೂಸನ್ನೂ ಒಂದು ತಲೆಯೆಂದೇ ಎಣಿಸಿ.

2. ಋತು ಶುರುವಾಗುವ ಮುನ್ನ ದೋಣಿ

ಹಾಯಿಕಂಬವನ್ನು ನಿಲ್ಲಿಸಿರುವ ಉಕ್ಕಿನ ತಂತಿಗಳಿಂದ ಆರಂಭಿಸಿ. ಹಳೆಯ ಬಟ್ಟೆಯ ತುಂಡನ್ನು ತಂತಿಗೆ ಸುತ್ತಿ ಮೇಲಿಂದ ಕೆಳಕ್ಕೆ ಎಳೆಯಿರಿ. ಮುರಿದ ಎಳೆ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಿದರೆ ಸಿಕ್ಕಿಕೊಳ್ಳುವುದು ನಿಮ್ಮ ಅಂಗೈ. ಒಂದೇ ಒಂದು ಎಳೆ ಮುರಿದಿದ್ದರೂ ತಂತಿ ಬದಲಾಯಿಸಬೇಕು. ತುದಿಯ ಲೋಹದ ಹಿಡಿಕೆಯಲ್ಲಿ ಕೂದಲೆಳೆಯ ಬಿರುಕೋ ತುಕ್ಕಿನ ಕಲೆಯೋ ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ತಂತಿಗಳಿಗೆ ಹತ್ತು ವರ್ಷ ದಾಟಿದ್ದರೆ ವಿಮೆಯವರೇ ಕೇಳುವ ಸಾಧ್ಯತೆ ಹೆಚ್ಚು. ಬಿಗಿ ಹೊಂದಿಸುವ ತಿರುಪುಗಳ ಸ್ಪ್ಲಿಟ್ ಪಿನ್ ಎಲ್ಲವೂ ಜಾಗದಲ್ಲಿವೆಯೇ ನೋಡಿ, ಅವುಗಳ ಮೇಲೆ ಟೇಪ್ ಸುತ್ತಿ. ಹಾಯಿ ಹರಿಯುವುದಕ್ಕೂ ಅತಿಥಿಗಳ ಕಾಲು ಗೀರುವುದಕ್ಕೂ ಹಲವು ಸಲ ಕಾರಣ ಈ ಸಣ್ಣ ಪಿನ್‌ಗಳೇ.

ಹ್ಯಾಲಿಯಾರ್ಡ್, ಅಂದರೆ ಹಾಯಿ ಏರಿಸುವ ಹಗ್ಗ, ಕಂಬದ ತುದಿಯ ರಾಟೆಯ ಬಳಿ ಒಂದೇ ಕಡೆ ಸವೆಯುತ್ತದೆ. ಋತುವಿನ ಆರಂಭದಲ್ಲಿ ತುದಿಯಿಂದ 20 ಸೆಂ.ಮೀ. ಕತ್ತರಿಸಿ ಮತ್ತೆ ಕಟ್ಟಿದರೆ ತಿಕ್ಕುವ ಜಾಗ ಬದಲಾಗುತ್ತದೆ. ಹಾಯಿಯಲ್ಲಿ ಮೊದಲು ಸೋಲುವುದು ಬಟ್ಟೆಯಲ್ಲ, ಬಿಸಿಲಿಗೆ ಸುಟ್ಟ ಹೊಲಿಗೆಯ ದಾರ. ಉಗುರಿನಿಂದ ಕೆರೆದಾಗ ದಾರ ಪುಡಿಯಾದರೆ ಆ ಹೊಲಿಗೆಯನ್ನಿಡೀ ಮರುಹೊಲಿಸಿ.

ಎಂಜಿನ್ನಿನಲ್ಲಿ ಎರಡು ಕಡೆ ಮನಸ್ಸಿಡಿ. ಮೊದಲನೆಯದು ತಂಪಿನ ನೀರು. ಸಮುದ್ರದ ನೀರನ್ನು ಒಳಗೆಳೆಯುವ ಪಂಪಿನಲ್ಲಿ ಇಂಪೆಲರ್ ಎಂಬ ರಬ್ಬರಿನ ಚಕ್ರವಿದೆ. ನೀರಿಲ್ಲದೆ ತಿರುಗಿದರೆ ಅದರ ಎಸಳುಗಳು ಬೇಗನೆ ಹರಿಯುತ್ತವೆ. ಪ್ರತಿ ವರ್ಷ ಬದಲಾಯಿಸಿ, ಒಂದನ್ನು ಹೆಚ್ಚಿಗೆ ಇಟ್ಟುಕೊಳ್ಳಿ. ಹರಿದ ಎಸಳಿನ ತುಂಡುಗಳನ್ನು ಲೆಕ್ಕ ಹಾಕಿ ಹುಡುಕಿ ತೆಗೆಯಿರಿ, ಇಲ್ಲವಾದರೆ ಅವು ಮುಂದಿನ ಕೊಳವೆಯಲ್ಲಿ ಸಿಲುಕಿ ಹೊಸ ಇಂಪೆಲರ್ ಇದ್ದರೂ ಎಂಜಿನ್ ಕಾಯುತ್ತದೆ. ಎರಡನೆಯದು ಡೀಸೆಲ್. ಟ್ಯಾಂಕಿನ ತಳದ ಕೆಸರು ನೀರು ಶಾಂತವಾಗಿರುವಾಗ ತಣ್ಣಗೆ ಕೂತಿರುತ್ತದೆ. ಅಲೆಯೆದ್ದು ದೋಣಿ ಕುಲುಕಿದಾಗ ಮೇಲೆದ್ದು ಫಿಲ್ಟರ್ ಕಟ್ಟಿಸುತ್ತದೆ. ಎಂಜಿನ್ ತೀರಾ ಬೇಕಾದ ಹೊತ್ತಿನಲ್ಲೇ ನಿಲ್ಲುವುದು ಇದರಿಂದಲೇ, ದುರದೃಷ್ಟದಿಂದಲ್ಲ. ಎರಡು ಫಿಲ್ಟರ್ ಜೊತೆಗಿರಲಿ. ಬದಲಾಯಿಸಿ ಕೊಳವೆಯ ಗಾಳಿ ತೆಗೆಯುವುದನ್ನು ಜೆಟ್ಟಿಯಲ್ಲೇ ಮಾಡಿ ಕಲಿಯಿರಿ.

ಬ್ಯಾಟರಿ: ಸೀಸ–ಆಮ್ಲದ 12 ವೋಲ್ಟ್ ಬ್ಯಾಟರಿ ಬಳಕೆಯಿಲ್ಲದೆ ಕೆಲ ಗಂಟೆ ಇದ್ದ ಮೇಲೆ 12.7 ವೋಲ್ಟ್ ತೋರಿಸಿದರೆ ಪೂರ್ತಿ ತುಂಬಿದೆ, 12.2 ಎಂದರೆ ಅರ್ಧ. ಅರ್ಧಕ್ಕಿಂತ ಕೆಳಗಿಳಿಸಬೇಡಿ. ಎಂಜಿನ್ ಶುರು ಮಾಡುವ ಬ್ಯಾಟರಿ ಪ್ರತ್ಯೇಕವಾಗಿರಲಿ. ಫ್ರಿಜ್ ಮತ್ತು ಹಾಡಿನ ಪೆಟ್ಟಿಗೆ ಅದನ್ನು ಮುಟ್ಟುವಂತಿರಬಾರದು.

ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಹೊರಗೆ ಹೋಗದೆ ಬಿಲ್ಜ್‌ನಲ್ಲಿ, ಅಂದರೆ ದೋಣಿಯ ತಳದ ಗುಂಡಿಯಲ್ಲಿ ಶೇಖರವಾಗುತ್ತದೆ. ಒಲೆ ಆರಿಸುವಾಗ ಸಿಲಿಂಡರಿನ ಬಳಿಯೇ ಮುಚ್ಚಿ, ಕೊಳವೆಯಲ್ಲಿ ಉಳಿದದ್ದು ಉರಿದು ಹೋಗಲಿ. ಅರ್ಧ ದಿನದ ವಿಹಾರಕ್ಕೆ ಒಲೆಯೇ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಫ್ಲಾಸ್ಕ್ ಸಾಕು.

3. ಜೀವರಕ್ಷಕ ಸಾಮಗ್ರಿ

ತಾನಾಗಿ ಉಬ್ಬುವ ಲೈಫ್‌ಜಾಕೆಟ್ ಕೈಕೊಡುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಅನಿಲದ ಪುಟ್ಟ ಸಿಲಿಂಡರ್ ಅಲುಗಾಟಕ್ಕೆ ಸಡಿಲವಾಗಿರುತ್ತದೆ, ಇಲ್ಲವೇ ನೀರಿಗೆ ಕರಗುವ ಬಿಲ್ಲೆಯ ಅವಧಿ ಮುಗಿದಿರುತ್ತದೆ. ವಾರಕ್ಕೊಮ್ಮೆ ಸಿಲಿಂಡರನ್ನು ಕೈಯಿಂದ ಬಿಗಿ ಮಾಡಿ. ಋತುವಿಗೆ ಮುನ್ನ ಅದನ್ನು ಬಿಚ್ಚಿ ತೂಗಿ, ಅದರ ಮೇಲೆ ಅಚ್ಚಾದ ತೂಕಕ್ಕಿಂತ ಕಡಿಮೆ ಇದ್ದರೆ ಬದಲಾಯಿಸಿ. ಜಾಕೆಟನ್ನು ಬಾಯಿಂದ ಊದಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಮೆತ್ತಗಾಗಿದ್ದರೆ ಬಳಸಬೇಡಿ. ವಯಸ್ಕರಿಗೆ 150 ನ್ಯೂಟನ್ ತೇಲುಶಕ್ತಿಯದು ಸರಿ. ಮಕ್ಕಳಿಗೆ ಅವರ ತೂಕಕ್ಕೆ ತಕ್ಕ, ಕಾಲುಗಳ ನಡುವೆ ಪಟ್ಟಿಯಿರುವ ಜಾಕೆಟ್ಟೇ ಆಗಬೇಕು. ಆ ಪಟ್ಟಿ ಇಲ್ಲದಿದ್ದರೆ ನೀರಿನಲ್ಲಿ ಜಾಕೆಟ್ ಮೇಲೇರಿ ಮುಖ ಮುಚ್ಚುತ್ತದೆ.

ಉಳಿದವು: ದಾರ ಕಟ್ಟಿದ ತೇಲುಬಳೆ, ಅವಧಿ ಮೀರದ ಕೆಂಪು ಸಂಕೇತ ಪಂಜು ಮತ್ತು ಕಿತ್ತಳೆ ಹೊಗೆ, ಅಗ್ನಿಶಾಮಕ, ಪ್ರತಿ ಸೀಕಾಕ್ ಪಕ್ಕದಲ್ಲಿ ದಾರದಿಂದ ಕಟ್ಟಿದ ಮರದ ಬಿರಡೆ (ಸೀಕಾಕ್ ಎಂದರೆ ದೋಣಿಯ ಒಡಲಲ್ಲಿ ನೀರು ಒಳಹೊರಗೆ ಹೋಗುವ ತೂತಿನ ಕವಾಟ), ವಿಎಚ್‌ಎಫ್ ರೇಡಿಯೊ. ತುರ್ತು ಕರೆ 16ನೇ ಚಾನಲ್‌ನಲ್ಲಿ. ಡಿಎಸ್‌ಸಿ, ಅಂದರೆ ಗುಂಡಿ ಒತ್ತಿದರೆ ತುರ್ತು ಸಂದೇಶ ಕಳಿಸುವ ವ್ಯವಸ್ಥೆ, ಇರುವ ರೇಡಿಯೊದಲ್ಲಿ ಮುಚ್ಚಳದಡಿಯ ಕೆಂಪು ಗುಂಡಿಯನ್ನು ಕೆಲ ಸೆಕೆಂಡ್ ಒತ್ತಿ ಹಿಡಿದರೆ ದೋಣಿಯ ಗುರುತು 70ನೇ ಚಾನಲ್‌ನಲ್ಲಿ ತಾನಾಗಿ ಹೋಗುತ್ತದೆ. ರೇಡಿಯೊಗೆ ಜಿಪಿಎಸ್ ಜೋಡಿಸಿದ್ದರೆ ಮಾತ್ರ ನೀವಿರುವ ಸ್ಥಳವೂ ಜೊತೆಗೆ ಹೋಗುತ್ತದೆ. ಜೋಡಿಸದೆ ಬಿಟ್ಟಿರುವ ದೋಣಿಗಳೂ ಇವೆ.

4. ಗಾಳಿ ನೋಡಿ ದಾರಿ ಗೊತ್ತುಮಾಡುವುದು

ಇಡೀ ಕೆಲಸದ ತಿರುಳು ಇದೇ.

ಬೇಸಿಗೆಯ ಕರಾವಳಿಯಲ್ಲಿ ದಿನದ ಗಾಳಿಗೆ ಒಂದು ನಡೆ ಇರುತ್ತದೆ. ಬಿಸಿಲೇರಿ ನೆಲ ಕಾದಂತೆ ಅದರ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗಕ್ಕೆ ಸಮುದ್ರದ ತಂಪು ಗಾಳಿ ನುಗ್ಗುತ್ತದೆ. ಬೆಳಗ್ಗೆ ಮಂದ, 10–11ರ ಹೊತ್ತಿಗೆ ಆರಂಭ, 2ರಿಂದ 4ರ ನಡುವೆ ಜೋರು, ಸಂಜೆಗೆ ಇಳಿತ. ಮೋಡ ಕವಿದ ದಿನ ಇದು ಏಳದೆಯೂ ಇರಬಹುದು. ಆ ದಿನದ ಸಾಮಾನ್ಯ ಗಾಳಿಯೂ ಅದೇ ದಿಕ್ಕಿನಲ್ಲಿದ್ದರೆ ಎರಡೂ ಕೂಡಿಕೊಂಡು ಮುನ್ಸೂಚನೆಗಿಂತ ಹೆಚ್ಚು ಬೀಸುತ್ತದೆ. ಭೂಶಿರಗಳ ತುದಿಯಲ್ಲಿ ಇನ್ನೂ ಬಿರುಸು.

ಗಾಳಿಯ ವೇಗವನ್ನು ನಾಟ್‌ನಲ್ಲಿ ಹೇಳುತ್ತಾರೆ. 1 ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟು. 10 ನಾಟ್‌ನಿಂದ 14ಕ್ಕೆ ಏರಿದರೇ ಒತ್ತಡ ಇಮ್ಮಡಿಯಾಗುತ್ತದೆ.

ಹೊಸಬರು ಸಿಕ್ಕಿಬೀಳುವುದು ಇಲ್ಲಿ: ದೋಣಿಯಲ್ಲಿ ಕೂತವರಿಗೆ ತಾಗುವ ಗಾಳಿ ನಿಜವಾದ ಗಾಳಿಯಲ್ಲ. 15 ನಾಟ್ ಗಾಳಿ ಬೆನ್ನಿಗಿದ್ದು ದೋಣಿ 5 ನಾಟ್‌ನಲ್ಲಿ ಸಾಗುತ್ತಿದ್ದರೆ ನಿಮಗೆ ತಾಗುವುದು 10 ಮಾತ್ರ. ಬಿಸಿಲು ಹಿತ, ಅತಿಥಿಗಳು ಫೋಟೊದಲ್ಲಿ ಮಗ್ನ. ಅದೇ ಗಾಳಿಗೆ 45 ಡಿಗ್ರಿ ಓರೆಯಾಗಿ ಎದುರು ಹೊರಟರೆ ತಾಗುವುದು ಸುಮಾರು 19 ನಾಟ್, ಹಾಯಿಯ ಮೇಲೆ ಮೂರೂವರೆ ಪಟ್ಟಿಗೂ ಹೆಚ್ಚು ಒತ್ತಡ. ಗಾಳಿ ಬದಲಾಗಿಲ್ಲ, ಬದಲಾದದ್ದು ನೀವು ತಿರುಗಿದ ದಿಕ್ಕು.

ಸಮಯದ ಲೆಕ್ಕವೂ ಹೀಗೆಯೇ ಮೋಸ ಮಾಡುತ್ತದೆ. ಗಾಳಿಗೆ ನೇರ ಎದುರಾಗಿ ಹಾಯಿದೋಣಿ ಹೋಗಲಾರದು, ಅಂಕುಡೊಂಕಾಗಿ ಸಾಗಬೇಕು. 5 ನಾಟ್‌ನ ದೋಣಿ ಹಾಗೆ ಸಾಗುವಾಗ ಗುರಿಯತ್ತ ಮುಂದುವರಿಯುವುದು 3.5 ನಾಟ್ ಮಾತ್ರ. 8 ನಾಟಿಕಲ್ ಮೈಲು (ಒಂದಕ್ಕೆ 1.852 ಕಿ.ಮೀ.) ಗಾಳಿಯೊಂದಿಗೆ ಹೋಗಲು ಒಂದು ಗಂಟೆ 36 ನಿಮಿಷ ಸಾಕು. ಮರಳಿ ಬರಲು ಎರಡೂಕಾಲು ಗಂಟೆಗೂ ಮಿಗಿಲು, ಅದೂ ನೆನೆಯುತ್ತಾ, ವಾಲುತ್ತಾ, ವಾಂತಿಯ ನಡುವೆ.

ಆದ್ದರಿಂದ ನಿಯಮ ಒಂದೇ: ಕಷ್ಟದ ದಾರಿ ಮೊದಲು, ಸುಖದ ದಾರಿ ಕೊನೆಗೆ. ಮಂದಗಾಳಿಯ ಬೆಳಗಿನಲ್ಲಿ ಗಾಳಿ ಬರುವ ದಿಕ್ಕಿಗೆ ಹೋಗಿ, ಜೋರಾದಾಗ ಅದರೊಂದಿಗೆ ಮರಳಿ. ಸಮುದ್ರದಿಂದ ನೆಲಕ್ಕೆ ಬೀಸುವ ಗಾಳಿ ಇದಕ್ಕೆ ತಾನಾಗಿ ಒದಗಿಬರುತ್ತದೆ. ಆದರೆ ಎಂಜಿನ್ ಅಥವಾ ಹಾಯಿ ಕೆಟ್ಟರೆ ಅದೇ ಗಾಳಿ ನಿಮ್ಮನ್ನು ಬಂಡೆಗಳತ್ತ ದೂಡುತ್ತದೆ. ದಡಕ್ಕೆ ಅರ್ಧ ಮೈಲಿಗಿಂತ ಹತ್ತಿರ ಸಾಗುವಾಗ ಲಂಗರಿನ ಕಟ್ಟು ಬಿಚ್ಚಿ, ಕೂಡಲೇ ಇಳಿಸುವಂತೆ ಇಟ್ಟುಕೊಳ್ಳಿ.

ಉಬ್ಬರವಿಳಿತದ ಹರಿವು ಗಾಳಿಗೆ ಎದುರಾದ ಹೊತ್ತಿನಲ್ಲಿ ಅಳಿವೆಬಾಯಿ ದಾಟಬೇಡಿ. ಅಲೆಗಳು ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ.

ಗುಡುಗು ಮೋಡ ಕಂಡರೆ ಮಿಂಚಿನಿಂದ ಗುಡುಗಿನವರೆಗೆ ಸೆಕೆಂಡ್ ಎಣಿಸಿ. 3 ಸೆಕೆಂಡಿಗೆ 1 ಕಿ.ಮೀ. 30 ಸೆಕೆಂಡಿಗಿಂತ ಕಡಿಮೆಯಾಗುವವರೆಗೆ ಕಾಯುತ್ತ ಕೂರದೆ ಮೊದಲೇ ಮರಳಿ. ಮೋಡದ ಬುಡ ಕಪ್ಪಾಗಿ ನಿಮ್ಮತ್ತ ಬರುತ್ತಿದ್ದರೆ ಗಾಳಿ ಬಡಿಯುವ ಮುನ್ನವೇ ಹಾಯಿ ಇಳಿಸಿ.

5. ಜೆಟ್ಟಿಯಲ್ಲಿ ಹತ್ತು ನಿಮಿಷ

ಹಗ್ಗ ಬಿಚ್ಚುವ ಮುನ್ನ, ಎಂಜಿನ್ ಸದ್ದಿಲ್ಲದಾಗ ಮಾತಾಡಿ. ಎಲ್ಲವನ್ನೂ ಹೇಳಹೊರಟರೆ ಯಾರಿಗೂ ಏನೂ ನೆನಪಿರದು. ಇಷ್ಟು ಸಾಕು:

ಜಾಕೆಟನ್ನು ನೀವೇ ತೊಡಿಸಿ, ಪಟ್ಟಿಯೊಳಗೆ ಒಂದು ಮುಷ್ಟಿ ಹಿಡಿಯುವಷ್ಟು ಮಾತ್ರ ಸಡಿಲ ಬಿಡಿ. ಬೂಮ್, ಅಂದರೆ ಹಾಯಿಯ ಬುಡದ ಅಡ್ಡತೊಲೆ, ಯಾವ ಎತ್ತರದಲ್ಲಿ ಎಲ್ಲಿಂದೆಲ್ಲಿಗೆ ಬೀಸುತ್ತದೆಂದು ಕೈಯಿಂದ ತಳ್ಳಿ ತೋರಿಸಿ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಕಂಡದ್ದು ಉಳಿಯುತ್ತದೆ. ಹಗ್ಗ ಸುತ್ತುವ ವಿಂಚ್‌ಗೆ ಬೆರಳು ತಾಗಿಸಬಾರದು. ಓಡಾಡುವಾಗ ಒಂದು ಕೈ ಯಾವಾಗಲೂ ದೋಣಿಯನ್ನು ಹಿಡಿದಿರಬೇಕು. ಜೆಟ್ಟಿಗೆ ತಾಗುವ ಹೊತ್ತಿನಲ್ಲಿ ಯಾರೂ ಕೈಕಾಲು ಅಡ್ಡ ಕೊಟ್ಟು ದೋಣಿ ತಡೆಯಬಾರದು. ನಾಲ್ಕೈದು ಟನ್ನಿನ ದೋಣಿ ಪಾದವನ್ನು ಪುಡಿ ಮಾಡಬಲ್ಲದು.

ಕೊನೆಗೆ, ಹೆಚ್ಚಿನವರು ಹೇಳಲು ಹಿಂಜರಿಯುವ ಮಾತು: ನೀವೇ ನೀರಿಗೆ ಬಿದ್ದರೆ? ಇಬ್ಬರು ಅತಿಥಿಗಳನ್ನು ಆರಿಸಿ ಮೂರು ಸಂಗತಿ ಕೈಯಾರೆ ಮಾಡಿಸಿ: ಹಾಯಿಯನ್ನು ಬಿಗಿಹಿಡಿದಿರುವ ಹಗ್ಗವನ್ನು (ಇದಕ್ಕೆ ಶೀಟ್ ಎನ್ನುತ್ತಾರೆ) ಬಿಟ್ಟುಬಿಡುವುದು, ಎಂಜಿನ್ ಶುರು ಮಾಡಿ ನಿಲ್ಲಿಸುವುದು, ರೇಡಿಯೊದಲ್ಲಿ ಕರೆಯುವುದು. ಏನು ಹೇಳಬೇಕೆಂಬ ಚೀಟಿ ರೇಡಿಯೊ ಪಕ್ಕದಲ್ಲೇ ಅಂಟಿಸಿರಲಿ. ಇದರಿಂದ ಜನ ಹೆದರುತ್ತಾರೆ ಎನ್ನುವವರಿದ್ದಾರೆ. ಹೆದರುವುದಿಲ್ಲ, ಬದಲಿಗೆ ನಿಮ್ಮ ಮೇಲೆ ಅವರಿಗೆ ನಂಬಿಕೆ ಬರುತ್ತದೆ.

ಬಿಸಿಲಿಗೆ ಹಚ್ಚುವ ಲೇಪವನ್ನು ದಡದಲ್ಲೇ ಹಚ್ಚಿಕೊಳ್ಳಲಿ. ದೋಣಿಯ ಮೇಲೆ ಸ್ಪ್ರೇ ಮಾಡಿದರೆ ನೆಲ ಜಾರುತ್ತದೆ.

6. ಹಾಯಿ ಏರಿದ ಮೇಲೆ

ದೋಣಿ 15 ಡಿಗ್ರಿ ವಾಲಿದರೆ ಅತಿಥಿಗಳು ಖುಷಿಪಡುತ್ತಾರೆ, 20 ದಾಟಿದರೆ ಮಾತು ನಿಲ್ಲುತ್ತದೆ. ಆ ಮೌನಕ್ಕೂ ಮುನ್ನ ರೀಫ್ ಮಾಡಿ. ರೀಫ್ ಎಂದರೆ ಹಾಯಿಯ ಕೆಳಭಾಗವನ್ನು ಇಳಿಸಿ ಕಟ್ಟಿ, ಗಾಳಿ ಹಿಡಿಯುವ ವಿಸ್ತೀರ್ಣ ಕುಗ್ಗಿಸುವುದು. ಮಧ್ಯಾಹ್ನ 15 ನಾಟ್‌ಗಿಂತ ಹೆಚ್ಚೆಂದು ಮುನ್ಸೂಚನೆ ಇದ್ದರೆ ಮೊದಲ ರೀಫನ್ನು ಜೆಟ್ಟಿಯಲ್ಲೇ ಕಟ್ಟಿಕೊಂಡು ಹೊರಡಿ. ಬಿಚ್ಚುವುದು ಸುಲಭ, ಅಲೆಯ ನಡುವೆ ಕಟ್ಟುವುದು ಕಷ್ಟ.

ನೀರಿನ ಮೇಲೆ ಕಟ್ಟಲೇಬೇಕಾದರೆ ಕ್ರಮ ಹೀಗೆ. ಗಾಳಿಗೆ ಓರೆಯಾಗಿ ದೋಣಿ ನಿಧಾನಿಸಿ, ಮುಖ್ಯ ಹಾಯಿಯ ಶೀಟನ್ನೂ ಬೂಮನ್ನು ಕೆಳಕ್ಕೆ ಜಗ್ಗಿರುವ ಹಗ್ಗವನ್ನೂ ಸಡಿಲಿಸಿ. ಬೂಮಿನ ತುದಿಯನ್ನು ಮೇಲಿಂದ ಹಿಡಿದಿರುವ ಹಗ್ಗ ಬಿಗಿ ಮಾಡಿ. ಹ್ಯಾಲಿಯಾರ್ಡನ್ನು ಗುರುತಿನವರೆಗೆ ಇಳಿಸಿ (ಗುರುತನ್ನು ಮೊದಲೇ ಬಣ್ಣದ ದಾರದಿಂದ ಹೊಲಿದಿರಿ). ಕಂಬದ ಬಳಿಯ ಉಂಗುರವನ್ನು ಕೊಕ್ಕೆಗೆ ಸಿಕ್ಕಿಸಿ, ಹ್ಯಾಲಿಯಾರ್ಡ್ ಮತ್ತೆ ಬಿಗಿ ಮಾಡಿ, ಆಮೇಲೆ ಹಿಂತುದಿಯ ರೀಫ್ ಹಗ್ಗವನ್ನು ಹಾಯಿಯ ಬುಡ ಚಪ್ಪಟೆಯಾಗುವಷ್ಟು ಎಳೆಯಿರಿ. ನಡುವೆ ಜೋಲುವ ಬಟ್ಟೆಯನ್ನು ಸಣ್ಣ ದಾರಗಳಿಂದ ಮೆತ್ತಗೆ ಕಟ್ಟಿ, ಬಿಗಿದರೆ ಅಲ್ಲೇ ಹರಿಯುತ್ತದೆ. ಬಿಚ್ಚುವಾಗ ಈ ದಾರಗಳೇ ಮೊದಲು. ಒಂದನ್ನು ಮರೆತು ಹ್ಯಾಲಿಯಾರ್ಡ್ ಎಳೆದರೆ ಹಾಯಿ ಸೀಳುತ್ತದೆ.

ಜೈಬ್, ಅಂದರೆ ಗಾಳಿ ಬೆನ್ನಿಗಿರುವಾಗ ಹಾಯಿ ಒಂದು ಬದಿಯಿಂದ ಇನ್ನೊಂದಕ್ಕೆ ಹೊರಳುವುದು, ಅರಿವಿಲ್ಲದೆ ಆದರೆ ಬೂಮ್ ತಲೆಗೆ ಬಡಿಯುತ್ತದೆ. ನೇರ ಬೆನ್ನುಗಾಳಿಯಲ್ಲಿ ಸಾಗದೆ 20–30 ಡಿಗ್ರಿ ಓರೆಯಾಗಿ ಸಾಗಿ. ಬೂಮಿನಿಂದ ದೋಣಿಯ ಮುಂಭಾಗಕ್ಕೆ ತಡೆಹಗ್ಗ ಕಟ್ಟಿ. ಅತಿಥಿಯ ಕೈಗೆ ಚುಕ್ಕಾಣಿ ಕೊಡುವುದಿದ್ದರೆ ಗಾಳಿ ಪಕ್ಕಕ್ಕಿರುವಾಗ ಕೊಡಿ, ಬೆನ್ನಿಗಿರುವಾಗ ಬೇಡ.

ಯಾರಾದರೂ ನೀರಿಗೆ ಬಿದ್ದರೆ: 6 ನಾಟ್‌ನ ದೋಣಿ ಸೆಕೆಂಡಿಗೆ 3 ಮೀಟರ್ ಸಾಗುತ್ತದೆ. ಹತ್ತು ಸೆಕೆಂಡ್ ಗಾಬರಿಯಾಗಿ ನಿಂತರೆ 30 ಮೀಟರ್ ದೂರ. ಕೂಡಲೇ ದೋಣಿಯ ಮೂತಿ ಗಾಳಿಗೆ ತಿರುಗಿಸಿ ನಿಲ್ಲಿಸಿ, ತೇಲುಬಳೆ ಎಸೆಯಿರಿ. ಒಬ್ಬರು ಬಿದ್ದವರತ್ತ ಬೆರಳು ತೋರಿಸುತ್ತಲೇ ಇರಲಿ, ಅವರಿಗೆ ಬೇರೆ ಕೆಲಸ ಕೊಡಬೇಡಿ. ಎಂಜಿನ್ ಗೇರಿಗೆ ಹಾಕುವ ಮುನ್ನ ನೀರಿನಲ್ಲಿ ಹಗ್ಗ ಜೋಲುತ್ತಿದೆಯೇ ನೋಡಿ. ಪ್ರೊಪೆಲರಿಗೆ ಸುತ್ತಿಕೊಂಡರೆ ಇದ್ದ ಎಂಜಿನ್ನೂ ಇಲ್ಲ. ಹತ್ತಿರ ಬರುವುದಕ್ಕಿಂತ ಮೇಲೆತ್ತುವುದೇ ಕಷ್ಟ. ನೆನೆದ ವ್ಯಕ್ತಿಯನ್ನು ಇಬ್ಬರು ಕೈಯಿಂದ ಎಳೆದು ಮೇಲೆ ತರಲಾರರು. ಹ್ಯಾಲಿಯಾರ್ಡಿಗೆ ಸಿಕ್ಕಿಸಿ ವಿಂಚಿನಿಂದ ಎತ್ತುವ ಪಟ್ಟಿಯನ್ನು ಸಿದ್ಧವಾಗಿಟ್ಟು, ಋತುವಿಗೆ ಮುನ್ನ ಒಬ್ಬರನ್ನು ನಿಜವಾಗಿ ಎತ್ತಿ ನೋಡಿ.

7. ಲಂಗರು, ಈಜು

ಆಳಕ್ಕೆ ಉಬ್ಬರದ ಏರಿಕೆಯನ್ನೂ ನೀರಿನಿಂದ ಮೂತಿಯ ಎತ್ತರವನ್ನೂ ಕೂಡಿಸಿ, ಪೂರ್ತಿ ಸರಪಳಿಯಾದರೆ ಐದು ಪಟ್ಟು, ಹಗ್ಗ–ಸರಪಳಿಯಾದರೆ ಏಳು ಪಟ್ಟು ಬಿಡಿ. ಆಳ 4, ಉಬ್ಬರ 2, ಮೂತಿ 1 ಮೀಟರ್ ಆದರೆ ಒಟ್ಟು 7, ಸರಪಳಿ 35 ಮೀಟರ್. ಉಬ್ಬರವನ್ನು ಮರೆತು 25 ಮೀಟರ್ ಬಿಟ್ಟವರ ಲಂಗರು ಮಧ್ಯಾಹ್ನ ಕಿತ್ತು ಬರುತ್ತದೆ. ಹಿಮ್ಮುಖ ಗೇರಿನಲ್ಲಿ ಮೆಲ್ಲಗೆ ಎಳೆದು, ದಡದ ಎರಡು ಗುರುತು ಒಂದರ ಹಿಂದೊಂದು ಬರುವಂತೆ ನೋಡಿಟ್ಟುಕೊಳ್ಳಿ. ಅವು ಸರಿಯತೊಡಗಿದರೆ ಲಂಗರು ಜಾರುತ್ತಿದೆ.

ಈಜುವವರು ನೀರಿಗಿಳಿಯುವ ಮುನ್ನ ಎಂಜಿನ್ ನಿಲ್ಲಿಸಿ ಕೀಲಿ ನಿಮ್ಮ ಜೇಬಿಗೆ. ಮೊದಲು ಏಣಿ ಇಳಿಯಲಿ, ಆಮೇಲೆ ಮನುಷ್ಯರು. ಏಣಿ ಇಳಿಸದೆ ಎಲ್ಲರೂ ಹಾರಿದರೆ ಮೇಲೆ ಬರಲು ದಾರಿಯಿಲ್ಲ. ದೋಣಿಯ ಹಿಂದೆ 25 ಮೀಟರ್ ತೇಲುವ ಹಗ್ಗಕ್ಕೆ ಫೆಂಡರ್ (ಜೆಟ್ಟಿಗೆ ಉಜ್ಜದಂತೆ ದೋಣಿಯ ಬದಿಗೆ ತೂಗುಹಾಕುವ, ಗಾಳಿ ತುಂಬಿದ ದಿಂಬು) ಕಟ್ಟಿ ಬಿಡಿ. ಹರಿವು 1 ನಾಟ್ ಇದ್ದರೆ ಸಾಧಾರಣ ಈಜುಗಾರ ಎದುರು ಈಜಿ ಮರಳಲಾರ. ಹಾಗಿದ್ದರೆ ಈಜೇ ಬೇಡ.

8. ವಾಕರಿಕೆ, ನೀರು, ಕಕ್ಕಸು

ವಾಕರಿಕೆಯ ಮಾತ್ರೆ ಬೇಕಾದವರು ವೈದ್ಯರನ್ನು ಕೇಳಿ, ಹೊರಡುವ ಒಂದು ಗಂಟೆಗೂ ಮುನ್ನ ತೆಗೆದುಕೊಳ್ಳಲಿ. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲದು. ಆಕಳಿಕೆ, ಮೌನ, ಬಿಳಿಚಿದ ಮುಖ ಮೊದಲ ಲಕ್ಷಣ. ಅವರನ್ನು ಒಳಗೆ ಮಲಗಲು ಕಳಿಸುವ ಬದಲು ದಿಗಂತ ನೋಡುತ್ತಾ ಕೂರಿಸಿ, ಸಾಧ್ಯವಾದರೆ ಚುಕ್ಕಾಣಿ ಹಿಡಿಸಿ. ಅಂಚಿಗೆ ಬಾಗುವುದಕ್ಕಿಂತ ಬಕೆಟ್ ಒಳ್ಳೆಯದು.

ಕುಡಿಯುವ ನೀರು ಅರ್ಧ ದಿನಕ್ಕೆ ತಲೆಗೆ 2 ಲೀಟರ್.

ಕೈಪಂಪಿನ ಕಕ್ಕಸನ್ನು ಬಳಸಿ ತೋರಿಸಲು ನಾಚಬೇಡಿ. ನೀರೆಳೆಯುವ ಸನ್ನೆಯನ್ನು ತೆರೆದೇ ಬಿಟ್ಟರೆ ದೋಣಿ ವಾಲಿದಾಗ ಸಮುದ್ರ ತಾನಾಗಿ ಒಳಬರುತ್ತದೆ. ಬಳಸಿದ ಮೇಲೆ ಮುಚ್ಚಲೇಬೇಕು. ಒರೆಸುವ ಒದ್ದೆ ಕಾಗದ ಒಳಗೆ ಬಿದ್ದರೆ ಮರುದಿನದ ವಿಹಾರ ರದ್ದಾದಂತೆಯೇ. ಪ್ಲಾಸ್ಟಿಕ್ಕನ್ನು ಯಾವ ಸಮುದ್ರಕ್ಕೂ ಎಸೆಯುವಂತಿಲ್ಲ, ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದವೇ ಅದನ್ನು ನಿಷೇಧಿಸಿದೆ.

9. ಬುಕಿಂಗ್ ಮತ್ತು ರದ್ದತಿ

ಜಾಗವನ್ನು ಮಾರಬೇಡಿ, ಗಂಟೆಗಳನ್ನು ಮಾರಿ. ‘ಆ ದ್ವೀಪಕ್ಕೆ ಕರೆದೊಯ್ಯುತ್ತೇವೆ’ ಎಂದು ಬರೆದುಕೊಟ್ಟರೆ ಗಾಳಿ ಎದುರಾದ ದಿನವೂ ಅಲ್ಲಿಗೇ ಹೋಗಬೇಕಾಗುತ್ತದೆ. ‘ನಾಲ್ಕು ಗಂಟೆಯ ವಿಹಾರ, ದಾರಿ ಅಂದಿನ ಗಾಳಿಗೆ ತಕ್ಕಂತೆ’ ಎಂದು ಬರೆಯಿರಿ.

ಮಿತಿಯನ್ನು ಮೊದಲೇ ಅಂಕಿಯಲ್ಲಿ ಹೇಳಿ: ಸ್ಥಿರ ಗಾಳಿ 20 ನಾಟ್ ಅಥವಾ ಬೀಸು 25 ದಾಟುವ ಮುನ್ಸೂಚನೆ ಇದ್ದರೆ, ಇಲ್ಲವೇ ಗುಡುಗು ಇದ್ದರೆ ದಿನಾಂಕ ಬದಲು ಅಥವಾ ಪೂರ್ತಿ ಹಣ ವಾಪಸ್. ಹಿಂದಿನ ಸಂಜೆ ಒಂದು ಸೂಚನೆ, ಹೊರಡುವ ಎರಡು ಗಂಟೆ ಮುಂಚೆ ಕೊನೆಯ ಮಾತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಕಣದಲ್ಲಿ ರಾಶಿ ಮಾಡುವವರಿಗೆ. ಬುಕಿಂಗ್ ತುಂಬಿದ ವಾರದಲ್ಲಿ ಅದನ್ನು ನೆನಪಿಸುವ ಪಾಲುದಾರರಿದ್ದರೆ ಈ ಮಿತಿಯನ್ನು ಅವರ ಸಹಿಯೊಂದಿಗೆ ಬರೆದಿಡಿ. ಆದಾಯ ಎಣಿಸುವಾಗ ಋತುವಿನ ದಿನಗಳಲ್ಲಿ ಶೇ 60ರಷ್ಟು ಮಾತ್ರ ನೀರಿಗಿಳಿಯುತ್ತೀರೆಂದು ಹಿಡಿಯಿರಿ. ಅದರಲ್ಲೂ ಖರ್ಚು ಕಳೆದು ಉಳಿಯದಿದ್ದರೆ ದರ ತಪ್ಪಾಗಿದೆ.

ದಿನಕ್ಕೆ ಎರಡು ವಿಹಾರವಾದರೆ ನಡುವೆ ಒಂದೂವರೆ ಗಂಟೆ ಬಿಡುವಿರಲಿ. ಬೆಳಗಿನದು ಮಕ್ಕಳಿರುವ ಕುಟುಂಬಗಳಿಗೆ, ಮಧ್ಯಾಹ್ನದ್ದು ನಿಜವಾಗಿ ಹಾಯಿಯ ವೇಗ ಬಯಸುವವರಿಗೆ. ಯಾರು ಹೋಗಿದ್ದಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂಬ ಚೀಟಿ ದಡದಲ್ಲಿ ಒಬ್ಬರ ಕೈಲಿರಲಿ. ತಡವಾದರೆ ಎಷ್ಟು ಹೊತ್ತಿಗೆ ಯಾರಿಗೆ ಕರೆ ಮಾಡಬೇಕೆಂಬುದೂ ಅದರಲ್ಲೇ ಬರೆದಿರಲಿ.

10. ಋತುವಿನ ನಡುವೆ

ವಾರದಲ್ಲಿ ಒಂದು ದಿನ ಬುಕಿಂಗ್ ಬೇಡ. ಸ್ವಂತ ದೋಣಿ ವರ್ಷಪೂರ್ತಿ ಕಾಣುವಷ್ಟು ಸವೆತವನ್ನು ಬಾಡಿಗೆ ದೋಣಿ ಒಂದೆರಡು ತಿಂಗಳಲ್ಲಿ ಕಾಣುತ್ತದೆ. ಪ್ರತಿದಿನ: ಎಂಜಿನ್ ಎಣ್ಣೆ, ಬಿಲ್ಜ್‌ನ ನೀರು, ಎಂಜಿನ್ ಶುರುವಾದ ಕೂಡಲೇ ಹಿಂಬದಿ ಕೊಳವೆಯಿಂದ ನೀರು ಉಗುಳುತ್ತಿದೆಯೇ ಎಂಬುದು. ಪ್ರತಿವಾರ: ಸಮುದ್ರದ ನೀರಿನ ಜರಡಿ, ಬೆಲ್ಟಿನ ಬಿಗಿ, ಪಿನ್‌ಗಳು, ಎಲ್ಲ ಸೀಕಾಕ್‌ಗಳನ್ನು ಒಮ್ಮೆ ಮುಚ್ಚಿ ತೆರೆಯುವುದು. ಋತುವಿಡೀ ತೆರೆದೇ ಇದ್ದ ಸೀಕಾಕ್ ಬೇಕಾದ ದಿನ ಜಗ್ಗುವುದಿಲ್ಲ. ಪ್ರತಿ ತಿಂಗಳು ನೀರಿಗಿಳಿದು ಪ್ರೊಪೆಲರ್ ಬಳಿಯ ಸತುವಿನ ತುಂಡು ನೋಡಿ. ಸಮುದ್ರದ ನೀರಿನಲ್ಲಿ ಬೇರೆ ಲೋಹಗಳ ಬದಲು ಅದು ಸವೆಯುವಂತೆ ಹಾಕಿರುತ್ತಾರೆ, ಅರ್ಧ ಸವೆದರೆ ಬದಲಾಯಿಸಬೇಕು. ಬಿಲ್ಜ್‌ನಲ್ಲಿ ನೀರು ಕಂಡರೆ ಒರೆಸಿ ಬಿಡದೆ ರುಚಿ ನೋಡಿ. ಸಿಹಿಯಾದರೆ ಸೋರಿದ್ದು ಟ್ಯಾಂಕ್, ಉಪ್ಪಾದರೆ ಮುಂದಿನ ವಿಹಾರವನ್ನು ನಿಲ್ಲಿಸಿ ಮೂಲ ಹುಡುಕಿ.